ಕೆಂಪು ಡಬ್ಬಿ, ನೀಲಿ ಡಬ್ಬಿ

2007ರ ಚಳಿಗಾಲದಲ್ಲಿ ಅಮೆರಿಕದ ಯಾವ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಸಿನಿಮಾ ಡಿಸ್ಕ್‌ಗಳ ಸಾಲಿನಲ್ಲಿ ಮೂರು ಬಗೆಯ ಡಬ್ಬಿಗಳು ಕಾಣುತ್ತಿದ್ದವು. ಮೊದಲನೆಯದು ಬಹುಪಾಲು ಮನೆಗಳಲ್ಲಿ ಅದಾಗಲೇ ಇದ್ದ ಮಾಮೂಲಿ ಡಿವಿಡಿ. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಡಬ್ಬಿಯ ಎಚ್‌ಡಿ ಡಿವಿಡಿ, ಅದರಾಚೆ ನೀಲಿ ಡಬ್ಬಿಯ ಬ್ಲೂ-ರೇ. ಒಳಗಿನ ತಟ್ಟೆ ಮೂರರದೂ ಒಂದೇ ಅಳತೆ, 12 ಸೆಂಟಿಮೀಟರ್. ಆದರೆ ಕೆಂಪು ಡಬ್ಬಿಯದು ಬ್ಲೂ-ರೇ ಪ್ಲೇಯರಿನಲ್ಲಿ ಓಡದು, ನೀಲಿ ಡಬ್ಬಿಯದು ಎಚ್‌ಡಿ ಡಿವಿಡಿ ಪ್ಲೇಯರಿನಲ್ಲಿ ಓಡದು. 'ಸ್ಪೈಡರ್‌ಮ್ಯಾನ್ 3' ನೋಡಬೇಕಿದ್ದವರಿಗೆ ನೀಲಿ ಬೇಕು, 'ಟ್ರಾನ್ಸ್‌ಫಾರ್ಮರ್ಸ್' ನೋಡಬೇಕಿದ್ದವರಿಗೆ ಕೆಂಪು ಬೇಕು. ಹೊಸ ಹೈ ಡೆಫಿನಿಷನ್ ಟಿವಿ ಕೊಂಡು, ಅದಕ್ಕೆ ತಕ್ಕ ಚಿತ್ರ ನೋಡೋಣವೆಂದು ಬಂದವರು ಅಂಗಡಿಯ ಹುಡುಗನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವುದು ತಗೊಳ್ಳಲಿ?

ಅವನ ಬಳಿ ಉತ್ತರವಿರಲಿಲ್ಲ. ಎಷ್ಟೋ ಜನ ಬರಿಗೈಯಲ್ಲಿ ಮನೆಗೆ ಹೋದರು.

ಇದನ್ನು ಆಗ ಗ್ರಾಹಕರ ಗೊಂದಲ ಎಂದು ಕರೆದರು. ಜನಕ್ಕೆ ತಂತ್ರಜ್ಞಾನ ಅರ್ಥವಾಗಲಿಲ್ಲ, ಅದಕ್ಕೇ ಹಿಂಜರಿದರು ಎಂಬ ವಿವರಣೆ ಇವತ್ತಿಗೂ ಓದಲು ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಲೇಸರ್, ಪದರ, ಜಿಬಿ ಎಲ್ಲವನ್ನೂ ಓದಿ ಅರಗಿಸಿಕೊಂಡವರೂ ಸರಿಯಾದ ಆಯ್ಕೆ ಮಾಡುವಂತಿರಲಿಲ್ಲ. ಯಾವ ಪ್ಲೇಯರ್ ಮುಂದಿನ ವರ್ಷವೂ ಕೆಲಸಕ್ಕೆ ಬರುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ. ಅದು ಸಿನಿಮಾ ಸ್ಟುಡಿಯೋಗಳೂ ಯಂತ್ರ ತಯಾರಕರೂ ಬಾಗಿಲು ಮುಚ್ಚಿಕೊಂಡು ಮಾಡಿಕೊಳ್ಳುತ್ತಿದ್ದ ಒಪ್ಪಂದಗಳಲ್ಲಿತ್ತು.

ತಂತ್ರಜ್ಞಾನದ ಭಾಗ ನಿಜಕ್ಕೂ ಅಷ್ಟೇನೂ ಕಠಿಣವಲ್ಲ. ಡಿಸ್ಕ್‌ನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ, ಲೇಸರ್ ಕಿರಣ ಅವುಗಳ ಮೇಲೆ ಹಾಯ್ದು ಮಾಹಿತಿ ಓದುತ್ತದೆ. ಮೊನೆ ಸಣ್ಣದಿರುವ ಪೆನ್ನಿನಲ್ಲಿ ಅದೇ ಹಾಳೆಯಲ್ಲಿ ಹೆಚ್ಚು ಸಾಲು ಬರೆಯಬಹುದಲ್ಲ, ಹಾಗೆ ಬೆಳಕಿನ ತರಂಗದ ಉದ್ದ ಕಡಿಮೆಯಾದಷ್ಟೂ ಗುಳಿಗಳನ್ನು ಸಣ್ಣದಾಗಿ, ಒತ್ತೊತ್ತಾಗಿ ಇಡಬಹುದು. ಸಿಡಿ ಓದುವ ಲೇಸರಿನದು 780 ನ್ಯಾನೊಮೀಟರ್. ಡಿವಿಡಿಯ ಕೆಂಪು ಲೇಸರಿನದು 650. ಹೊಸ ಡಿಸ್ಕ್‌ಗಳ ನೀಲಿ-ನೇರಳೆ ಲೇಸರಿನದು 405. ಈ ಲೇಸರ್ ಕೈಗೆಟುಕಿದ್ದರ ಹಿಂದೆ ಜಪಾನಿನ ನಿಚಿಯಾ ಕಂಪನಿಯಲ್ಲಿ ಷೂಜಿ ನಕಮುರ 1990ರ ದಶಕದಲ್ಲಿ ಮಾಡಿದ ಕೆಲಸವಿದೆ. ನೀಲಿ ಎಲ್‌ಇಡಿಗಾಗಿ ಅವರಿಗೆ ಅಕಾಸಾಕಿ, ಅಮಾನೊ ಅವರೊಂದಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಕೆಂಪು ಡಬ್ಬಿಯ ಡಿಸ್ಕ್ ಓದುವುದಕ್ಕೂ ಇದೇ ನೀಲಿ-ನೇರಳೆ ಲೇಸರ್ ಬೇಕು. ಎರಡೂ ಬಣದವರು ಒಂದೇ ಬೆಳಕಿನಿಂದ ಹೊರಟು ಬೇರೆ ಬೇರೆ ದಾರಿ ಹಿಡಿದರು. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿರುತ್ತದೆ. ತೋಷಿಬಾ ಮತ್ತು ಎನ್ಇಸಿ ರೂಪಿಸಿದ ಎಚ್‌ಡಿ ಡಿವಿಡಿ ಆ ಅಳತೆಯನ್ನು ಹಾಗೇ ಉಳಿಸಿಕೊಂಡಿತು. ಇದರಿಂದ ಆದ ಲಾಭವೆಂದರೆ, ಡಿವಿಡಿ ಒತ್ತುತ್ತಿದ್ದ ಕಾರ್ಖಾನೆಗಳೇ ಕಡಿಮೆ ಖರ್ಚಿನ ಮಾರ್ಪಾಡಿನಲ್ಲಿ ಹೊಸ ಡಿಸ್ಕನ್ನೂ ಒತ್ತಬಹುದು. ಸೋನಿ, ಫಿಲಿಪ್ಸ್, ಪ್ಯಾನಸೋನಿಕ್‌ನ ಮಾತೃಸಂಸ್ಥೆ ಮತ್ಸುಷಿಟಾ ಮೊದಲಾದ ಒಂಬತ್ತು ಕಂಪನಿಗಳು 2002ರ ಫೆಬ್ರುವರಿಯಲ್ಲಿ ಘೋಷಿಸಿದ ಬ್ಲೂ-ರೇಯಲ್ಲಿ ಆ ಪದರವನ್ನು ಮೇಲ್ಮೈಗೆ 0.1 ಮಿಲಿಮೀಟರಿನಷ್ಟು ಹತ್ತಿರ ತಂದರು. ಹತ್ತಿರ ತಂದರೆ ಕಿರಣವನ್ನು ಇನ್ನಷ್ಟು ಸೂಕ್ಷ್ಮ ಬಿಂದುವಿಗೆ ಇಳಿಸಬಹುದು. ಹಾಗಾಗಿ ಒಂದು ಪದರದಲ್ಲಿ ಎಚ್‌ಡಿ ಡಿವಿಡಿ 15 ಜಿಬಿ ಹಿಡಿದರೆ ಬ್ಲೂ-ರೇ 25 ಜಿಬಿ ಹಿಡಿಯಿತು, ಎರಡು ಪದರದಲ್ಲಿ 30 ಮತ್ತು 50. ಮಾಮೂಲಿ ಡಿವಿಡಿಯ ಒಂದು ಪದರದಲ್ಲಿ ಹಿಡಿಯುತ್ತಿದ್ದದ್ದು 4.7 ಜಿಬಿ. ಆದರೆ ಪದರ ಅಷ್ಟು ಮೇಲೆ ಬಂದರೆ ಸಣ್ಣ ಗೀರಿಗೂ ಡಿಸ್ಕ್ ಕೆಡುತ್ತದೆ. 2003ರಲ್ಲಿ ಸೋನಿ ಜಪಾನಿನಲ್ಲಿ ಮಾರಿದ ಮೊದಲ ಬ್ಲೂ-ರೇ ರೆಕಾರ್ಡರಿನ ಡಿಸ್ಕ್‌ಗಳು ಪ್ಲಾಸ್ಟಿಕ್ ಕವಚದೊಳಗೆ ಬರುತ್ತಿದ್ದದ್ದು ಈ ಕಾರಣಕ್ಕೆ. ಮುಂದೆ ಟಿಡಿಕೆ ಕಂಪನಿ ಗೀರು ತಡೆಯುವ ಗಟ್ಟಿ ಲೇಪ ಕಂಡುಹಿಡಿದ ಮೇಲೆ ಕವಚ ಹೋಯಿತು.

ಒಂದರಲ್ಲಿ ಜಾಗ ಹೆಚ್ಚು, ಇನ್ನೊಂದರಲ್ಲಿ ತಯಾರಿಕೆ ಸುಲಭ. ಟಿವಿಯ ಮುಂದೆ ಕೂತವರ ಕಣ್ಣಿಗೆ ಎರಡೂ 1080 ಗೆರೆಗಳ ಅದೇ ಸ್ಪಷ್ಟ ಚಿತ್ರವನ್ನೇ ಕೊಡುತ್ತಿದ್ದವು. ಒಬ್ಬರು ಬಿಟ್ಟುಕೊಟ್ಟಿದ್ದರೆ ನೋಡುವವರಿಗೆ ಯಾವ ನಷ್ಟವೂ ಇರಲಿಲ್ಲ.

ಹಾಗೆ ಬಿಟ್ಟುಕೊಟ್ಟ ಉದಾಹರಣೆಯೂ ಕಣ್ಣೆದುರಿಗೇ ಇತ್ತು. ಡಿವಿಡಿ ಹುಟ್ಟುವ ಮುಂಚೆ, 1995ರ ಸುಮಾರಿಗೆ, ಸೋನಿ ಮತ್ತು ಫಿಲಿಪ್ಸ್ ಒಂದು ಡಿಸ್ಕ್ ಸಿದ್ಧಪಡಿಸಿದ್ದರು, ತೋಷಿಬಾ ಮತ್ತು ಟೈಮ್ ವಾರ್ನರ್ ಇನ್ನೊಂದನ್ನು. ಆಗ ಕಂಪ್ಯೂಟರ್ ಕಂಪನಿಗಳು ಒಟ್ಟಾಗಿ, ನೀವು ಒಂದಾಗುವ ತನಕ ಎರಡನ್ನೂ ನಮ್ಮ ಯಂತ್ರಗಳಿಗೆ ಹಾಕುವುದಿಲ್ಲ ಎಂದು ಪಟ್ಟು ಹಿಡಿದವು. ಐಬಿಎಂ ಮುಖ್ಯಸ್ಥ ಲೂ ಗರ್ಸ್ಟ್‌ನರ್ ನಡುವೆ ನಿಂತು ಮಾತಾಡಿದರು. ಅದೇ ವರ್ಷ ಎರಡೂ ಬಣ ಒಪ್ಪಿದವು, ಜಗತ್ತಿಗೆ ಒಂದೇ ಡಿವಿಡಿ ಬಂತು. ಅದು ಎಷ್ಟು ಬೇಗ ಮನೆಮನೆಗೆ ಹೊಕ್ಕಿತೆಂದು ನಮಗೆಲ್ಲ ನೆನಪಿದೆ.

ಹತ್ತು ವರ್ಷ ಕಳೆದು 2005ರಲ್ಲಿ ಸೋನಿ ಮತ್ತು ತೋಷಿಬಾ ಮತ್ತೆ ಮಾತಿಗೆ ಕೂತವು. ಈ ಸಲ ಮುರಿದುಬಿತ್ತು. 0.1 ಮಿಲಿಮೀಟರೋ 0.6 ಮಿಲಿಮೀಟರೋ ಎಂಬಲ್ಲಿಗೆ ಮಾತು ನಿಂತಿತು ಎನ್ನುತ್ತಾರೆ. ನಿಜ, ಆದರೆ ಆ ಅಳತೆಯ ಹಿಂದೆ ಪೇಟೆಂಟುಗಳಿದ್ದವು. ಡಿವಿಡಿಯ ಒಂದೊಂದು ಪ್ಲೇಯರ್, ಒಂದೊಂದು ಡಿಸ್ಕ್ ಮಾರಾಟವಾದಾಗಲೂ ಪೇಟೆಂಟ್ ಇದ್ದವರಿಗೆ ರಾಯಲ್ಟಿ ಬರುತ್ತಿತ್ತು. ಮುಂದಿನ ಡಿಸ್ಕಿನ ರಾಯಲ್ಟಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. 1995ರಂತೆ ಹೊರಗಿನಿಂದ ಬಂದು ಒತ್ತಡ ಹೇರುವವರೂ ಇರಲಿಲ್ಲ. ಕಂಪ್ಯೂಟರ್ ಲೋಕವೇ ಎರಡಾಗಿತ್ತು: ಮೈಕ್ರೋಸಾಫ್ಟ್, ಇಂಟೆಲ್ ಎಚ್‌ಡಿ ಡಿವಿಡಿಯ ಕಡೆ, ಆಪಲ್, ಡೆಲ್ ಬ್ಲೂ-ರೇಯ ಕಡೆ. ಕೋಣೆಯೊಳಗೆ ಮುಗಿಯಬೇಕಿದ್ದ ಜಗಳವನ್ನು ಅಂಗಡಿಗೆ ತಂದರು, ತೀರ್ಪು ಕೊಡುವ ಕೆಲಸವನ್ನು ಗಿರಾಕಿಯ ಜೇಬಿಗೆ ಹಚ್ಚಿದರು. ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡ ತಪ್ಪೆಂದು ಕಾಣುವುದು ಇದೇ.

2006ರ ಏಪ್ರಿಲ್‌ನಲ್ಲಿ ತೋಷಿಬಾದ ಮೊದಲ ಪ್ಲೇಯರ್ ಅಮೆರಿಕದಲ್ಲಿ 499 ಡಾಲರಿಗೆ ಬಂತು, ಆಗಿನ ಲೆಕ್ಕದಲ್ಲಿ ಸುಮಾರು 22 ಸಾವಿರ ರೂಪಾಯಿ. ಜೂನ್‌ನಲ್ಲಿ ಬಂದ ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರಿಗೆ ಅದರ ಎರಡು ಪಟ್ಟು ಬೆಲೆ. ನವೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಬಂತು, ಬ್ಲೂ-ರೇ ಅದರೊಳಗೇ ಇತ್ತು, ಬೆಲೆ 499 ಮತ್ತು 599 ಡಾಲರ್. ಆಟದ ಯಂತ್ರವೊಂದು ಬ್ಲೂ-ರೇ ಸಿನಿಮಾ ಪ್ಲೇಯರಿಗಿಂತ ಅಗ್ಗವಾಗಿತ್ತು. ತೋಷಿಬಾದ ಯಂತ್ರವನ್ನೂ ಪ್ಲೇಸ್ಟೇಷನ್ನನ್ನೂ ಬಿಚ್ಚಿ ಲೆಕ್ಕಹಾಕಿದ ಐಸಪ್ಲೈ ಸಂಸ್ಥೆ, ಬಿಡಿಭಾಗಗಳ ಖರ್ಚೇ ಮಾರುವ ಬೆಲೆಗಿಂತ ಹೆಚ್ಚು ಎಂದು ಅಂದಾಜು ಮಾಡಿತು. ಅಂದರೆ ಬೆಲೆಯ ಚೀಟಿ ನೋಡಿ ಯಾವುದು ಒಳ್ಳೆಯ ಯಂತ್ರ, ಯಾವುದು ಸಾಧಾರಣ ಎಂದು ತೂಗುವ ಹಳೆಯ ಬುದ್ಧಿವಂತಿಕೆ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಸ್ಟುಡಿಯೋಗಳ ನಡೆ ಇನ್ನೂ ವಿಚಿತ್ರ. ಯೂನಿವರ್ಸಲ್ ಎಚ್‌ಡಿ ಡಿವಿಡಿಗೆ ಮಾತ್ರ. ಸೋನಿ, ಡಿಸ್ನಿ, ಫಾಕ್ಸ್ ಬ್ಲೂ-ರೇಗೆ ಮಾತ್ರ. ವಾರ್ನರ್ ಎರಡಕ್ಕೂ. ಪ್ಯಾರಾಮೌಂಟ್ ಕೂಡ ಎರಡಕ್ಕೂ ಕೊಡುತ್ತಿದ್ದದ್ದು 2007ರ ಆಗಸ್ಟ್‌ನಲ್ಲಿ ಇದ್ದಕ್ಕಿದ್ದಂತೆ ಬ್ಲೂ-ರೇ ನಿಲ್ಲಿಸಿ ಎಚ್‌ಡಿ ಡಿವಿಡಿಗೆ ಮಾತ್ರ ಎಂದಿತು. ಪ್ಯಾರಾಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಅನಿಮೇಷನ್‌ಗೆ ಇದಕ್ಕಾಗಿ ಒಟ್ಟು 15 ಕೋಟಿ ಡಾಲರಿನಷ್ಟು ಅನುಕೂಲ ಸಿಕ್ಕಿದೆ ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದರಲ್ಲೂ ಒಂದು ವಿನಾಯಿತಿ: ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶಿಸಿದ ಚಿತ್ರಗಳಿಗೆ ಈ ಕಟ್ಟು ಅನ್ವಯಿಸದು. ಎರಡಕ್ಕೂ ಕೊಡುತ್ತೇನೆಂದಿದ್ದ ವಾರ್ನರ್ ಕೂಡ 'ಮ್ಯಾಟ್ರಿಕ್ಸ್' ಚಿತ್ರಗಳ ಸಂಪುಟವನ್ನು 2007ರ ಮೇ ತಿಂಗಳಲ್ಲಿ ಎಚ್‌ಡಿ ಡಿವಿಡಿಯಲ್ಲಿ ಹೊರತಂದು, ಬ್ಲೂ-ರೇಯಲ್ಲಿ ಮರುವರ್ಷದವರೆಗೆ ತರಲಿಲ್ಲ. ಮೆಚ್ಚಿನ ಸಿನಿಮಾ ಯಾವ ಬಣ್ಣದ ಡಬ್ಬಿಯಲ್ಲಿ ಸಿಗುತ್ತದೆ ಎಂದು ತಿಳಿಯಲು ಜನ ಅದನ್ನು ತೆಗೆದ ಸ್ಟುಡಿಯೋ ಯಾವುದು, ಆ ಸ್ಟುಡಿಯೋ ಈ ತಿಂಗಳು ಯಾರ ಜೊತೆಗಿದೆ ಎಂದು ನೆನಪಿಟ್ಟುಕೊಳ್ಳಬೇಕಾಯಿತು. ಸಿನಿಮಾ ನೋಡುವವರು ನಟರ, ನಿರ್ದೇಶಕರ ಹೆಸರು ನೆನಪಿಡುತ್ತಾರೆ. ಹಂಚಿಕೆದಾರರ ಹೆಸರು ನೆನಪಿಡಿ ಎನ್ನುವುದು ಅನ್ಯಾಯದ ಬೇಡಿಕೆ.

ಅಂಕಿ ಅಂಶ ನೋಡಿ ತೀರ್ಮಾನಿಸೋಣ ಎಂದವರಿಗೂ ದಾರಿ ಕಾಣಲಿಲ್ಲ. 2007ರಲ್ಲಿ ಬ್ಲೂ-ರೇ ಡಿಸ್ಕ್‌ಗಳು ಎಚ್‌ಡಿ ಡಿವಿಡಿಯ ಸುಮಾರು ಎರಡು ಪಟ್ಟು ಮಾರಾಟವಾಗುತ್ತಿದ್ದವು. ಆ ಬಣ ಹೇಳಿಕೊಂಡದ್ದು ಅದನ್ನೇ. ಎಚ್‌ಡಿ ಡಿವಿಡಿ ಬಣ ಬಿಡಿ ಪ್ಲೇಯರುಗಳ ಮಾರಾಟದ ಲೆಕ್ಕ ಮುಂದಿಟ್ಟಿತು, ಅದರಲ್ಲಿ ಅವರೇ ಮುಂದಿದ್ದರು. ಪ್ಲೇಸ್ಟೇಷನ್ ಕೊಂಡವರಲ್ಲಿ ಎಷ್ಟೋ ಜನ ಆಟಕ್ಕಾಗಿ ಕೊಂಡವರು, ಸಿನಿಮಾ ನೋಡುವವರಲ್ಲ, ನಮ್ಮ ಒಂದೊಂದು ಪ್ಲೇಯರಿಗೆ ಎಷ್ಟು ಡಿಸ್ಕ್ ಹೋಗುತ್ತಿವೆ ನೋಡಿ ಎಂದು ವಾದಿಸಿತು. ಇಬ್ಬರು ಹೇಳಿದ್ದೂ ಸುಳ್ಳಲ್ಲ. ತಮಗೆ ಬೇಕಾದ ಭಾಗವನ್ನಷ್ಟೇ ಎತ್ತಿ ತೋರಿಸಿದರು. ಪ್ರತಿ ವಾರ ಎರಡು ಬಣವೂ ಗೆದ್ದ ಸುದ್ದಿ ಓದಿದ ಮನುಷ್ಯ ಏನೆಂದು ತಿಳಿಯಬೇಕು?

ಹಳೆಯ ಅನುಭವ ನೆನೆಸಿಕೊಂಡವರೂ ದಾರಿ ತಪ್ಪಿದರು. 1975ರಲ್ಲಿ ಸೋನಿ ತಂದ ಬೀಟಾಮ್ಯಾಕ್ಸ್ ಟೇಪು ಮರುವರ್ಷ ಜೆವಿಸಿ ತಂದ ವಿಎಚ್ಎಸ್ ಎದುರು ಸೋತಿತ್ತು, ಈ ಸಲವೂ ಸೋನಿ ಸೋಲುತ್ತದೆ ಎಂದು ಅನೇಕರು ಎಣಿಸಿದರು. ಆದರೆ ಬೀಟಾಮ್ಯಾಕ್ಸ್ ಮತ್ತು ವಿಎಚ್ಎಸ್ ನಡುವೆ ಜನ ಕಣ್ಣಾರೆ ತೂಗಬಹುದಾದ ವ್ಯತ್ಯಾಸವಿತ್ತು. ಮೊದಲನೆಯದರ ಟೇಪು ಆರಂಭದಲ್ಲಿ ಒಂದು ಗಂಟೆ ರೆಕಾರ್ಡ್ ಮಾಡುತ್ತಿತ್ತು, ಎರಡನೆಯದರದು ಎರಡು ಗಂಟೆ. ಟಿವಿಯಲ್ಲಿ ಬಂದ ಸಿನಿಮಾ ಪೂರ್ತಿ ಹಿಡಿದಿಡುವುದು ಯಾವುದೆಂದು ನೋಡಿ ಆರಿಸಿಕೊಳ್ಳಬಹುದಿತ್ತು. ಸೋತ ಟೇಪು ಕೊಂಡವರೂ ಟಿವಿಯಿಂದ ರೆಕಾರ್ಡ್ ಮಾಡಿಕೊಳ್ಳುತ್ತ ವರ್ಷಗಟ್ಟಲೆ ಬಳಸಿದರು. ಅಮೆರಿಕದಲ್ಲಿ ಮಾರಿದ ಈ ಹೊಸ ಪ್ಲೇಯರುಗಳಲ್ಲಿ ರೆಕಾರ್ಡ್ ಮಾಡುವಂತಿರಲಿಲ್ಲ. ಸ್ಟುಡಿಯೋ ಹೊಸ ಡಿಸ್ಕ್ ಕೊಡದಿದ್ದರೆ ಅದು ಬರಿಯ ಡಿವಿಡಿ ಪ್ಲೇಯರ್.

ಬಣದೊಳಗೂ ತೊಡಕುಗಳಿದ್ದವು. ತೋಷಿಬಾದ ಮೊದಲ ಪ್ಲೇಯರ್ ಗೆರೆಗಳನ್ನು ಎರಡು ಕಂತಿನಲ್ಲಿ ಕಳಿಸುವ 1080ಐ ಮಾತ್ರ ಕೊಡುತ್ತಿತ್ತು, ಟಿವಿಯ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಿದ್ದದ್ದು ಒಟ್ಟಿಗೆ ಕಳಿಸುವ 1080ಪಿ. ಎಚ್‌ಡಿ ಡಿವಿಡಿಯ ಕೆಲವು ಡಿಸ್ಕ್‌ಗಳಿಗೆ ಎರಡೂ ಮುಖ ಇರುತ್ತಿದ್ದವು, ಒಂದು ಕಡೆ ಮಾಮೂಲಿ ಡಿವಿಡಿ, ಇನ್ನೊಂದು ಕಡೆ ಎಚ್‌ಡಿ. ತಿರುಗಿಸಿ ಹಾಕಿದವರಿಗೆ ಹಳೆಯ ಚಿತ್ರವೇ ಕಾಣುತ್ತಿತ್ತು. ಬ್ಲೂ-ರೇಯಲ್ಲಂತೂ ಪ್ಲೇಯರುಗಳಿಗೇ ದರ್ಜೆಗಳು: ಮೊದಲು 1.0, 2007ರ ನವೆಂಬರ್ ನಂತರ ಬರುವ ಹೊಸ ಮಾದರಿಗಳಿಗೆ 1.1 ಕಡ್ಡಾಯ, ಆಮೇಲೆ ಇಂಟರ್ನೆಟ್ ಬೇಕಾದ 2.0. ಸಾವಿರ ಡಾಲರ್ ಕೊಟ್ಟು ಮೊದಲೇ ಕೊಂಡವರ ಯಂತ್ರದಲ್ಲಿ ಹೊಸ ಡಿಸ್ಕ್‌ಗಳ ಕೆಲವು ಸೌಲಭ್ಯ ತೆರೆಯುತ್ತಲೇ ಇರಲಿಲ್ಲ. ಫಾಕ್ಸ್ ಹೊಸ ನಕಲು-ತಡೆ ಬೀಗ ಹಾಕಿ ಹೊರತಂದ ಕೆಲವು ಡಿಸ್ಕ್‌ಗಳು ಕೆಲವು ಪ್ಲೇಯರುಗಳಲ್ಲಿ ಫರ್ಮ್‌ವೇರ್ ಬದಲಿಸುವ ತನಕ ಓಡಲಿಲ್ಲ. ಗೆಲ್ಲುವ ಬಣವನ್ನೇ ಆರಿಸಿಕೊಂಡವರ ಪಾಡು ಇದು.

ಎರಡನ್ನೂ ಓಡಿಸುವ ಪ್ಲೇಯರನ್ನು ಎಲ್‌ಜಿ 2007ರ ಆರಂಭದಲ್ಲಿ ತಂದಿತು, 1,199 ಡಾಲರ್. ಎರಡೂ ಮಾದರಿಯನ್ನು ಒಂದೇ ತಟ್ಟೆಯಲ್ಲಿ ಸೇರಿಸುತ್ತೇನೆಂದು ವಾರ್ನರ್ ಹೇಳಿತು, ಆ ಡಿಸ್ಕ್ ಅಂಗಡಿಗೆ ಬರಲೇ ಇಲ್ಲ.

ನನಗೆ ಹೆಚ್ಚು ಸಿಟ್ಟು ತರಿಸುವುದು ಕೊನೆಯ ನಾಲ್ಕು ತಿಂಗಳು. 2007ರ ನವೆಂಬರ್ 2ರಂದು ವಾಲ್‌ಮಾರ್ಟ್ ಅಂಗಡಿಗಳಲ್ಲಿ ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ 98 ಡಾಲರ್ 87 ಸೆಂಟಿಗೆ ಮಾರಾಟಕ್ಕೆ ಬಂತು, ನಾಲ್ಕು ಸಾವಿರ ರೂಪಾಯಿಯೊಳಗೆ. ಅಷ್ಟು ದಿನ ದುಡ್ಡು ಬಿಗಿಹಿಡಿದು ಕಾದಿದ್ದವರು, ಇನ್ನೇನು ಯೋಚನೆ ಎಂದು ಕೊಂಡರು. 2008ರ ಜನವರಿ 4ರಂದು ವಾರ್ನರ್, ಇನ್ನು ಮುಂದೆ ನಾವು ಬ್ಲೂ-ರೇಗೆ ಮಾತ್ರ ಎಂದು ಘೋಷಿಸಿತು. ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಇನ್ನು ಒಂದೆರಡು ದಿನವಿತ್ತು, ಎಚ್‌ಡಿ ಡಿವಿಡಿ ಬಣ ಅಲ್ಲಿ ಕರೆದಿದ್ದ ಪತ್ರಿಕಾಗೋಷ್ಠಿಯನ್ನು ರದ್ದು ಮಾಡಿತು. ಉದ್ಯಮದ ಒಳಗಿದ್ದವರಿಗೆ ಆಟ ಮುಗಿದದ್ದು ಆ ದಿನವೇ ಗೊತ್ತಾಯಿತು. ಆದರೂ ಆ ತಿಂಗಳ ನಡುವೆ ತೋಷಿಬಾ ಬೆಲೆಯನ್ನು ಮತ್ತೆ ಇಳಿಸಿತು, ಫೆಬ್ರುವರಿ 3ರ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ಪ್ರಸಾರದ ನಡುವೆ ದುಬಾರಿ ಜಾಹೀರಾತು ಕೊಟ್ಟಿತು. ಫೆಬ್ರುವರಿ 11ರಂದು, ಆಗ ಅಂಚೆಯಲ್ಲಿ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, 15ರಂದು ವಾಲ್‌ಮಾರ್ಟ್ ಬ್ಲೂ-ರೇ ಕಡೆಗೆ ಸರಿದವು. 19ರಂದು ತೋಷಿಬಾ ಅಧ್ಯಕ್ಷ ಅತ್ಸುತೋಷಿ ನಿಷಿದಾ ಟೋಕಿಯೊದಲ್ಲಿ ಎಚ್‌ಡಿ ಡಿವಿಡಿ ವ್ಯವಹಾರ ನಿಲ್ಲಿಸುವುದಾಗಿ ಹೇಳಿದರು. ಸೂಪರ್ ಬೌಲ್ ಜಾಹೀರಾತು ನೋಡಿ ಪ್ಲೇಯರ್ ಕೊಂಡವರಿದ್ದರೆ, ಅದನ್ನು ತಯಾರಿಸಿದ ಕಂಪನಿ ಹದಿನಾರೇ ದಿನಕ್ಕೆ ಕೈಬಿಟ್ಟಂತಾಯಿತು.

ಕಂಪನಿಗಳಿಗೂ ನಷ್ಟವಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಅವು ಮರುವರ್ಷಕ್ಕೆ ದಾರಿ ಬದಲಿಸಿಕೊಂಡವು. ತೋಷಿಬಾ 2009ರ ಆಗಸ್ಟ್‌ನಲ್ಲಿ ಬ್ಲೂ-ರೇ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿ, ತನ್ನದೇ ಬ್ಲೂ-ರೇ ಪ್ಲೇಯರ್ ಮಾರಿತು. ಕೊಂಡವರಿಗೆ ಸಿಕ್ಕಿದ್ದೇನು? ಬೆಸ್ಟ್ ಬೈ ತನ್ನಲ್ಲಿ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕಳಿಸಿತು. ಅದು ಜಗಳ ಆಡಿದ ಕಂಪನಿಯಲ್ಲ, ಮಾರಿದ ಅಂಗಡಿ, ಆ ಮಟ್ಟಿಗೆ ಮೆಚ್ಚಬೇಕು. ವಾರ್ನರ್ 2009ರಲ್ಲಿ ತನ್ನ ಎಚ್‌ಡಿ ಡಿವಿಡಿಗಳಿಗೆ ಬದಲಾಗಿ ಬ್ಲೂ-ರೇ ಕೊಡುವ ಯೋಜನೆ ತಂದಿತು, ಡಿಸ್ಕ್ ಒಂದಕ್ಕೆ 4 ಡಾಲರ್ 95 ಸೆಂಟ್, ಜೊತೆಗೆ ಕಳಿಸುವ ಖರ್ಚು ಬೇರೆ. ಒಮ್ಮೆ ದುಡ್ಡು ಕೊಟ್ಟು ಕೊಂಡ ಸಿನಿಮಾಕ್ಕೆ ಎರಡನೆಯ ಸಲ ದುಡ್ಡು. ಹಾಗಾಗಿ ಆ ಎರಡು ವರ್ಷ ಕೊಳ್ಳದೆ ಸುಮ್ಮನಿದ್ದವರನ್ನು ತಿಳಿಯದವರು ಎನ್ನುವುದಕ್ಕೆ ನನಗೆ ಮನಸ್ಸಿಲ್ಲ. ಆಗಿನ ಮಾರುಕಟ್ಟೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಅವರೇ. ಅವರು ಕಾಯುತ್ತಿದ್ದಾಗಲೇ, 2007ರ ಜನವರಿಯಲ್ಲಿ, ನೆಟ್‌ಫ್ಲಿಕ್ಸ್ ಇಂಟರ್ನೆಟ್ ಮೂಲಕ ಸಿನಿಮಾ ತೋರಿಸಲು ಶುರುಮಾಡಿತ್ತು. ಡಿಸ್ಕಿನ ಹಂಗೇ ಬೇಡವೆಂದು ಅವರಲ್ಲಿ ಎಷ್ಟೋ ಜನ ಆ ಕಡೆ ನಡೆದರು.

ನಮ್ಮಲ್ಲಿ ಈ ಜಗಳದ ಸದ್ದು ಅಷ್ಟಾಗಿ ಕೇಳಿಸಲಿಲ್ಲ. ಆ ಹೊತ್ತಿಗೆ ಇಲ್ಲಿ ಎರಡು ತಟ್ಟೆಗಳ ವಿಸಿಡಿಯ ಕಾಲ ಇನ್ನೂ ಮುಗಿದಿರಲಿಲ್ಲ. ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆಯಿಟ್ಟು ಮಾರತೊಡಗಿದ್ದೇ 2007ರಲ್ಲಿ. ಆದರೆ ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೆ ಡಿಸ್ಕಿನ ಇನ್ನೊಂದು ತೊಡಕು ಗೊತ್ತಿದ್ದೀತು: ವಲಯದ ಬೀಗ. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ಅಲ್ಲಿ ಕೊಂಡು ಇಲ್ಲಿಗೆ ತಂದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡುವುದೆಂಬ ಖಾತ್ರಿಯಿಲ್ಲ. ಸೋತುಹೋದ ಎಚ್‌ಡಿ ಡಿವಿಡಿಯಲ್ಲಿ ಈ ಬೀಗವೇ ಇರಲಿಲ್ಲ. ಗೆದ್ದ ಬ್ಲೂ-ರೇಯಲ್ಲಿ ಅದು ಬೇರೆ ರೂಪದಲ್ಲಿ ಉಳಿಯಿತು, ಅಮೆರಿಕ 'ಎ', ಭಾರತ 'ಸಿ'. ಎಲ್ಲ ಸ್ಟುಡಿಯೋಗಳೂ ಅದನ್ನು ಬಳಸುವುದಿಲ್ಲ. ಕೆಲವು ಡಿಸ್ಕ್‌ಗಳಿಗೆ ಬೀಗ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ.

2016ರಲ್ಲಿ ಬಂದ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಹಳೆಯ ಪೆಟ್ಟುಗಳಿಂದ ಒಂದಿಷ್ಟು ಕಲಿತಿದೆ. ಬಣ್ಣ ಮತ್ತು ಬೆಳಕಿನ ಗುಣ ಹೆಚ್ಚಿಸುವ ಎಚ್‌ಡಿಆರ್‌ಗೆ ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಎಂಬ ಪೈಪೋಟಿಯ ಮಾದರಿಗಳು ಅದರಲ್ಲೂ ಇವೆ. ಆದರೆ ಎಚ್‌ಡಿಆರ್ ಇರುವ ಡಿಸ್ಕ್‌ಗೆ ಎಚ್‌ಡಿಆರ್10 ಎಂಬ ಸಾಮಾನ್ಯ ಮಾದರಿ ಕಡ್ಡಾಯ. ಹಾಗಾಗಿ ಟಿವಿ ಯಾವ ಕಂಪನಿಯದಾದರೂ ಚಿತ್ರವಂತೂ ಮೂಡುತ್ತದೆ. ಕಂಪನಿಗಳ ಪೈಪೋಟಿ ನಡೆಯಬೇಕಾದದ್ದು ಹೀಗೆಯೇ. ವಲಯದ ಬೀಗವೂ ಆ 4ಕೆ ಡಿಸ್ಕ್‌ನಲ್ಲಿಲ್ಲ. ಆದರೆ ಎಷ್ಟೋ ಸಲ ಅದೇ ಡಬ್ಬಿಯಲ್ಲಿ ಜೊತೆಗೆ ಒಂದು ಮಾಮೂಲಿ ಬ್ಲೂ-ರೇಯನ್ನೂ ಇಟ್ಟಿರುತ್ತಾರೆ, ಅದಕ್ಕೆ ಹಳೆಯ ಬೀಗ ಇರಬಹುದು. ಅಮೆರಿಕದಿಂದ ಮಗಳು ಕಳಿಸಿದ ಒಂದೇ ಡಬ್ಬಿಯ ಎರಡು ಡಿಸ್ಕ್‌ಗಳಲ್ಲಿ ಒಂದು ಮೈಸೂರಿನ 4ಕೆ ಪ್ಲೇಯರಿನಲ್ಲಿ ಓಡಿ, ಇನ್ನೊಂದು ಓಡದಿದ್ದರೆ, ಕಾರಣ ಇದು. ಪ್ಲೇಯರ್ ಕೆಟ್ಟಿಲ್ಲ, ರಿಪೇರಿಗೆ ಒಯ್ಯಬೇಡಿ.